ಸೀಟು ಬದಲಿಸಲು ಅವಸರವೇಕೆ? ಬೆಳೆಯುವ ಮಗುವಿಗೆ ಕಾರ್ ಸೀಟು ಆರಿಸುವ ಬಗ್ಗೆ ಒಂದಿಷ್ಟು ಮಾತು

(ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯದ ಮೇಲೆ ಮಾತಾಡಲು ಎಲ್ಲಿಗೆ ಹೋದರೂ ಮೊದಲು ಬರುವ ಪ್ರಶ್ನೆ ಒಂದೇ: "ಯಾವ ಕಂಪನಿಯ ಸೀಟು ಒಳ್ಳೇದು ಅಂತ ಹೇಳಿಬಿಡಿ, ಅದನ್ನೇ ತಗೊಳ್ತೀವಿ." ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ನಾನು ಒಂದು ಹೆಸರು ಹೇಳಿದರೆ ನಿಮಗೆ ಅದರಿಂದ ಉಪಯೋಗ ಕಡಿಮೆ. ಒಂದು ಮಗುವಿಗೆ, ಒಂದು ಕಾರಿಗೆ ಚೆನ್ನಾಗಿ ಹೊಂದಿದ ಸೀಟು ಪಕ್ಕದ ಮನೆಯ ಮಗುವಿಗೆ, ಅವರ ಕಾರಿಗೆ ಹೊಂದಬೇಕು ಅಂತೇನಿಲ್ಲ. ಅದಕ್ಕೇ ಇವತ್ತು ಸೀಟಿನ ಕಂಪನಿಗಳ ಸುದ್ದಿ ಬೇಡ. ಅಂಗಡಿಯಲ್ಲಿ ನಿಂತಾಗ ನೀವೇ ನೋಡಿ ತೀರ್ಮಾನ ಮಾಡಲು ಏನೇನು ಗೊತ್ತಿರಬೇಕೋ ಅದನ್ನು ಹೇಳುತ್ತೇನೆ.

ಈಗತಾನೆ ಹುಟ್ಟಿದ ಮಗುವಿನ ಸೀಟಿನ ಬಗ್ಗೆ ನಾನು ಜಾಸ್ತಿ ಮಾತಾಡುವುದಿಲ್ಲ. ಅಲ್ಲಿ ಗೊಂದಲ ಕಡಿಮೆ. ಅದು ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಮಲಗಬೇಕು, ಅಷ್ಟೇ. ಗೊಂದಲ ಶುರುವಾಗುವುದು ಮಗುವಿಗೆ ವರ್ಷ ತುಂಬಿ, ಕಾಲು ಉದ್ದವಾಗಿ, ಮೊದಲ ಸೀಟು ಚಿಕ್ಕದಾಗಿ ಕಾಣಲು ಶುರುವಾದಾಗ. "ಇನ್ನು ದೊಡ್ಡವನಾದ, ಮುಂದಕ್ಕೆ ತಿರುಗಿಸೋಣ" ಅಂತ ಮನೆಯವರೆಲ್ಲ ಹೇಳಲು ಶುರು ಮಾಡುವುದೂ ಆಗಲೇ.

ಮಕ್ಕಳ ಸೀಟಿನಲ್ಲಿ ಒಟ್ಟು ನಾಲ್ಕು ಹಂತಗಳಿವೆ. ಮೊದಲು ಹಿಂದಕ್ಕೆ ಮುಖ ಮಾಡಿ ಕೂರುವುದು. ಆಮೇಲೆ ಮುಂದಕ್ಕೆ ಮುಖ ಮಾಡಿ, ಸೀಟಿನದೇ ಪಟ್ಟಿಗಳನ್ನು, ಅಂದರೆ ಹಾರ್ನೆಸ್ ಕಟ್ಟಿಕೊಂಡು ಕೂರುವುದು. ಮೂರನೆಯದು ಬೂಸ್ಟರ್. ಅದರಲ್ಲಿ ಮಗುವನ್ನು ಹಿಡಿಯುವುದು ಕಾರಿನ ಬೆಲ್ಟೇ, ಬೂಸ್ಟರ್ ಮಗುವನ್ನು ಎತ್ತರಿಸಿ ಕೊಡುತ್ತದೆ. ಕೊನೆಗೆ ಬರೀ ಕಾರಿನ ಬೆಲ್ಟ್. ನಾವು ಇದನ್ನು ಶಾಲೆಯಲ್ಲಿ ಮುಂದಿನ ಕ್ಲಾಸಿಗೆ ಹೋದಂತೆ ನೋಡುತ್ತೇವೆ. ಹಂತ ದಾಟಿದರೆ ಖುಷಿ ಪಡುತ್ತೇವೆ. ನಿಜ ಏನೆಂದರೆ, ಪ್ರತಿ ಸಲ ಹಂತ ದಾಟಿದಾಗಲೂ ಮಗುವಿಗೆ ಸಿಗುತ್ತಿದ್ದ ರಕ್ಷಣೆ ಸ್ವಲ್ಪ ಕಡಿಮೆಯಾಗುತ್ತದೆ. ಸೀಟು ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆಯೂ ಅದರಿಂದಲೇ ಬಂದದ್ದು: ಈ ಸೀಟು ನನ್ನ ಮಗುವನ್ನು ಈಗಿರುವ ಹಂತದಲ್ಲೇ ಎಷ್ಟು ಕಾಲ ಇರಿಸಿಕೊಳ್ಳುತ್ತದೆ?

ಯಾಕೆ ಅಂತ ಸ್ವಲ್ಪ ವಿವರವಾಗಿ ನೋಡೋಣ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಏನಕ್ಕಾದರೂ ಎದುರಿನಿಂದ ಗುದ್ದಿತು ಅಂದುಕೊಳ್ಳಿ. ಕಾರಿನ ಮುಂಭಾಗ ನಜ್ಜುಗುಜ್ಜಾಗುತ್ತಾ ಸುಮಾರು ಅರ್ಧ ಮೀಟರಿನೊಳಗೆ ಕಾರು ನಿಂತುಬಿಡುತ್ತದೆ. ಆ ಕ್ಷಣದಲ್ಲಿ ಒಳಗಿರುವ ಪ್ರತಿಯೊಬ್ಬರ ಮೇಲೂ ಅವರ ತೂಕದ ಸುಮಾರು 20 ಪಟ್ಟು ಬಲ ಬೀಳುತ್ತದೆ. 12 ಕಿಲೋ ತೂಗುವ ಎರಡು ವರ್ಷದ ಮಗುವನ್ನು ಆಗ ಹಿಡಿದು ನಿಲ್ಲಿಸಬೇಕಾದರೆ 240 ಕಿಲೋ ಭಾರವನ್ನು ತಡೆಯುವಷ್ಟು ಶಕ್ತಿ ಬೇಕು. ಈ ವೇಗವನ್ನು ಎತ್ತರಕ್ಕೆ ಬದಲಿಸಿ ನೋಡಿದರೆ ಮೂರನೇ ಮಹಡಿಯಿಂದ, ಅಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟಾಗುತ್ತದೆ. "ನಾನು ಗಟ್ಟಿಯಾಗಿ ತೊಡೆ ಮೇಲೆ ಹಿಡ್ಕೊಂಡಿರ್ತೀನಿ" ಅನ್ನುವವರಿಗೆ ನನ್ನ ಉತ್ತರ ಈ ಲೆಕ್ಕವೇ. ಪ್ರೀತಿ ಎಷ್ಟೇ ಇರಲಿ, ತೋಳಿಗೆ ಅಷ್ಟು ಬಲ ಇಲ್ಲ.

ಇಲ್ಲೊಂದು ಕಥೆ ಹೇಳಬೇಕು. ಮಕ್ಕಳನ್ನು ಕಾರಿನಲ್ಲಿ ಸೀಟಿಗೆ ಕಟ್ಟಲೇಬೇಕು ಎಂಬ ಕಾನೂನು ಅಮೆರಿಕದಲ್ಲಿ ಮೊದಲು ಬಂದದ್ದು ಟೆನ್ನೆಸ್ಸೀ ರಾಜ್ಯದಲ್ಲಿ, 1978ರಲ್ಲಿ. ಅದಕ್ಕಾಗಿ ಓಡಾಡಿದವರು ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು. ಆದರೆ ಕಾನೂನು ಪಾಸಾಗುವಾಗ ಅದರೊಳಗೆ ಒಂದು ವಿನಾಯಿತಿ ತೂರಿಕೊಂಡಿತು: ದೊಡ್ಡವರು ಮಗುವನ್ನು ತೋಳಿನಲ್ಲಿ ಹಿಡಿದುಕೊಂಡರೂ ಸಾಕು. ಹಾಗೆ ಹಿಡಿದುಕೊಂಡಾಗ ದೊಡ್ಡವರ ಭಾರಕ್ಕೆ ಮಗು ಜಜ್ಜಿಹೋಗುತ್ತದೆ ಎಂಬುದು ವಿರೋಧಿಸಿದವರ ವಾದ. ಆ ವಿನಾಯಿತಿಯನ್ನು ತೆಗೆದುಹಾಕಲು 1981ರವರೆಗೆ ಕಾಯಬೇಕಾಯಿತು.

ಈಗ ಕುತ್ತಿಗೆಯ ವಿಷಯಕ್ಕೆ ಬರೋಣ. ಇಡೀ ಮಾತಿನಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ.

ಚಿಕ್ಕ ಮಗು ದೊಡ್ಡವರ ಸಣ್ಣ ಪ್ರತಿ ಅಲ್ಲ. ಹುಟ್ಟಿದಾಗ ಮಗುವಿನ ಒಟ್ಟು ಉದ್ದದಲ್ಲಿ ಸುಮಾರು ಕಾಲು ಭಾಗ ತಲೆಯೇ. ದೊಡ್ಡವರಲ್ಲಿ ಅದು ಏಳರಲ್ಲೋ ಎಂಟರಲ್ಲೋ ಒಂದು ಪಾಲು. ಎರಡು ಮೂರು ವರ್ಷದ ಹೊತ್ತಿಗೂ ಮೈಗೆ ಹೋಲಿಸಿದರೆ ತಲೆ ದೊಡ್ಡದೇ, ಭಾರದ್ದೇ. ಅದನ್ನು ಹೊತ್ತ ಕುತ್ತಿಗೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ನಮ್ಮ ಕುತ್ತಿಗೆಯ ಒಂದೊಂದು ಮೂಳೆಯೂ ಒಂದೇ ಗಟ್ಟಿ ತುಂಡು. ಮಗುವಿನಲ್ಲಿ ಅದೇ ಮೂಳೆ ಕೆಲವು ತುಂಡುಗಳಾಗಿದ್ದು, ನಡುವೆ ಮೆದುಮೂಳೆ ಇರುತ್ತದೆ. ಆ ತುಂಡುಗಳು ಒಂದಕ್ಕೊಂದು ಬೆಸೆದುಕೊಳ್ಳುವುದು ಹೆಚ್ಚುಕಮ್ಮಿ ಮೂರರಿಂದ ಆರು ವರ್ಷದ ನಡುವೆ. ಮೂಳೆಗಳನ್ನು ಹಿಡಿದಿಡುವ ನಾರುಗಳೂ ಸಡಿಲ, ಸ್ನಾಯುಗಳೂ ಎಳೆಯವು.

ಮಗು ಮುಂದಕ್ಕೆ ಮುಖ ಮಾಡಿ ಕೂತಿದ್ದಾಗ ಕಾರು ಗುದ್ದಿದರೆ ಏನಾಗುತ್ತದೆ? ಪಟ್ಟಿಗಳು ಭುಜವನ್ನೂ ಸೊಂಟವನ್ನೂ ಹಿಡಿದು ನಿಲ್ಲಿಸುತ್ತವೆ. ತಲೆಯನ್ನು ಹಿಡಿಯುವುದು ಏನೂ ಇಲ್ಲ. ಅದು ಮುಂದಕ್ಕೆ ಚಿಮ್ಮುತ್ತದೆ. ತಲೆಯ ಅಷ್ಟೂ ಭಾರ, 20 ಪಟ್ಟಾಗಿ, ಕುತ್ತಿಗೆಯನ್ನು ಎಳೆಯುತ್ತದೆ. ಅದೇ ಮಗು ಹಿಂದಕ್ಕೆ ಮುಖ ಮಾಡಿ ಕೂತಿದ್ದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒತ್ತಿಕೊಳ್ಳುತ್ತವೆ. ಬಲ ಬೆನ್ನಿನ ಉದ್ದಕ್ಕೂ ಹಂಚಿಹೋಗುತ್ತದೆ. ಕುತ್ತಿಗೆ ಒಂದೇ ಅಷ್ಟನ್ನೂ ತಡೆಯಬೇಕಾಗಿಲ್ಲ.

ಇದನ್ನು ಮೊದಲೇ ಕಂಡುಕೊಂಡವರಲ್ಲಿ ಸ್ವೀಡನ್ನಿನ ಸಂಶೋಧಕ ಬರ್ಟಿಲ್ ಆಲ್ಡ್‌ಮನ್ ಒಬ್ಬರು. ಅಮೆರಿಕದ ಜೆಮಿನಿ ಯೋಜನೆಯ ಗಗನಯಾತ್ರಿಗಳು ರಾಕೆಟ್ ಮೇಲೇರುವಾಗ ಬೆನ್ನಿನ ಮೇಲೆ ಭಾರ ಬೀಳುವಂತೆ ಒರಗಿ ಕೂರುವುದನ್ನು ನೋಡಿ, ಮಕ್ಕಳಿಗೂ ಇದೇ ದಾರಿ ಸರಿ ಎಂದು ಅವರಿಗೆ ಹೊಳೆಯಿತು. 1964ರಲ್ಲಿ ವೋಲ್ವೊ ಕಾರಿನಲ್ಲಿ ಇಂಥ ಸೀಟಿನ ಮೊದಲ ಮಾದರಿಯನ್ನು ಪರೀಕ್ಷೆ ಮಾಡಿದರು. ಇವತ್ತಿಗೂ ಸ್ವೀಡನ್ನಿನಲ್ಲಿ ಮಕ್ಕಳು ನಾಲ್ಕು ವರ್ಷದ ಆಸುಪಾಸಿನವರೆಗೆ ಹಿಂದಕ್ಕೆ ಮುಖ ಮಾಡಿ ಕೂರುವುದು ಸಾಮಾನ್ಯ. ಅಲ್ಲಿ ಪ್ಲಸ್ ಟೆಸ್ಟ್ ಅಂತ ಒಂದು ಪರೀಕ್ಷೆ ಇದೆ. ಗುದ್ದಿದಾಗ ಕುತ್ತಿಗೆಯ ಮೇಲೆ ಎಷ್ಟು ಬಲ ಬಿತ್ತು ಅಂತ ಅದರಲ್ಲಿ ಅಳೆಯುತ್ತಾರೆ. ಆ ಪರೀಕ್ಷೆ ದಾಟಿದ್ದೆಲ್ಲ ಹಿಂದಕ್ಕೆ ಮುಖ ಮಾಡುವ ಸೀಟುಗಳೇ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ, ಎರಡು ವರ್ಷದವರೆಗಾದರೂ ಹಿಂದಕ್ಕೇ ಮುಖ ಇರಲಿ ಅಂದಿತು. 2018ರಲ್ಲಿ ಆ ವಯಸ್ಸಿನ ಗೆರೆಯನ್ನೂ ತೆಗೆದು, ಸೀಟಿನ ತೂಕ ಮತ್ತು ಎತ್ತರದ ಮಿತಿ ಮುಟ್ಟುವವರೆಗೆ ಹಾಗೇ ಕೂರಿಸಿ ಅಂತ ಹೇಳಿತು. ವಿಶ್ವಸಂಸ್ಥೆಯ ಆರ್ 129 ಎಂಬ ನಿಯಮದ ಪ್ರಕಾರ ತಯಾರಾದ ಸೀಟಿನಲ್ಲಿ 15 ತಿಂಗಳು ತುಂಬುವವರೆಗೆ ಮುಂದಕ್ಕೆ ತಿರುಗಿಸುವಂತೆಯೇ ಇಲ್ಲ. ಈ 15 ತಿಂಗಳನ್ನು ತುಂಬ ಜನ ತಪ್ಪಾಗಿ ತಿಳಿದಿದ್ದಾರೆ. ಅದಕ್ಕಿಂತ ಮೊದಲು ಬೇಡ ಅಂತ ಅದರ ಅರ್ಥ. ಅವತ್ತೇ ತಿರುಗಿಸಿ ಅಂತ ಅಲ್ಲ.

ಸರಿ, ಅಂಗಡಿಗೆ ಹೋಗೋಣ. ಅಲ್ಲಿ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ: "ಹುಟ್ಟಿದಾಗಿನಿಂದ 12 ವರ್ಷದವರೆಗೆ ಒಂದೇ ಸೀಟು." ಅದನ್ನು ಓದಿ ಸುಮ್ನೆ ಮುಂದೆ ಹೋಗಿ. ನೀವು ಹುಡುಕಬೇಕಾದದ್ದು ಸಣ್ಣ ಅಕ್ಷರದಲ್ಲಿರುವ ಒಂದು ಅಂಕಿ. ಹಿಂದಕ್ಕೆ ಮುಖ ಮಾಡಿದಾಗ ಈ ಸೀಟಿನ ಮಿತಿ ಎಷ್ಟು ಕಿಲೋ, ಎಷ್ಟು ಸೆಂಟಿಮೀಟರ್? ಕೆಲವದರಲ್ಲಿ 13 ಕಿಲೋಗೇ ಮುಗಿದುಹೋಗುತ್ತದೆ. ಕೆಲವದರಲ್ಲಿ 18 ಕಿಲೋವರೆಗೆ, ಇನ್ನು ಕೆಲವದರಲ್ಲಿ ಅದಕ್ಕೂ ಮೇಲೆ ಹೋಗುತ್ತದೆ.

ಈ ಐದು ಕಿಲೋ ವ್ಯತ್ಯಾಸ ಎಷ್ಟು ದೊಡ್ಡದು ಗೊತ್ತಾ? ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ನಡುಮಟ್ಟದ ಗಂಡು ಮಗುವನ್ನು ನೋಡಿ. ಒಂದು ವರ್ಷಕ್ಕೆ ಸುಮಾರು 9.6 ಕಿಲೋ, 76 ಸೆಂಟಿಮೀಟರ್. ಎರಡಕ್ಕೆ 12.2 ಕಿಲೋ, 87 ಸೆಂಟಿಮೀಟರ್. ಮೂರಕ್ಕೆ 14.3 ಕಿಲೋ, 96 ಸೆಂಟಿಮೀಟರ್. ನಾಲ್ಕಕ್ಕೆ 16.3 ಕಿಲೋ, 103 ಸೆಂಟಿಮೀಟರ್. ಹೆಣ್ಣುಮಕ್ಕಳು ಇದಕ್ಕಿಂತ ಒಂಚೂರು ಕಡಿಮೆ. ಅಂದರೆ 13 ಕಿಲೋ ಮಿತಿಯ ಸೀಟು ನಡುಮಟ್ಟದ ಮಗುವಿಗೆ ಎರಡೂವರೆ ವರ್ಷದ ಒಳಗೇ ಸಾಲದಾಗುತ್ತದೆ. 18 ಕಿಲೋ, 105 ಸೆಂಟಿಮೀಟರ್ ಮಿತಿಯ ಸೀಟು ನಾಲ್ಕು ದಾಟುವವರೆಗೆ ಬರುತ್ತದೆ. ಕುತ್ತಿಗೆಯ ಮೂಳೆ ಬೆಸೆಯುವ ವಯಸ್ಸನ್ನು ಈಗಷ್ಟೇ ಹೇಳಿದೆನಲ್ಲ, ಅದರ ಪಕ್ಕದಲ್ಲಿ ಈ ಅಂಕಿಗಳನ್ನು ಇಟ್ಟು ನೋಡಿ.

ನಿಮ್ಮ ಮಗು ಪಟ್ಟಿಯ ನಡುಮಟ್ಟದಲ್ಲೇ ಇರಬೇಕೆಂದಿಲ್ಲ. ಅದಕ್ಕೇ ಮನೆ ಬಿಡುವ ಮುನ್ನ ತೂಕ, ಎತ್ತರ ಎರಡನ್ನೂ ಅಳೆದು ಬರೆದುಕೊಳ್ಳಿ. ಹೋದ ಚುಚ್ಚುಮದ್ದಿನ ದಿನ ಅಳೆದದ್ದು ಬೇಡ, ಈಗಿನದು ಬೇಕು. ತೂಕ, ಎತ್ತರಗಳಲ್ಲಿ ಯಾವುದರ ಮಿತಿ ಮೊದಲು ಬರುತ್ತದೋ ಅಲ್ಲಿಗೆ ಆ ಸೀಟು ಮುಗಿಯಿತು. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒಂದೇ ಎತ್ತರದ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮೈ ಉದ್ದ ಇರಬಹುದು. ಮೈ ಉದ್ದವಿರುವ ಮಗುವಿನ ತಲೆ ಸೀಟಿನ ಅಂಚನ್ನು ಬೇಗ ಮುಟ್ಟುತ್ತದೆ. ಅಳತೆಪಟ್ಟಿ ಇದನ್ನು ಹೇಳುವುದಿಲ್ಲ. ಮಗುವನ್ನು ಕರೆದುಕೊಂಡು ಹೋಗಿ ಕೂರಿಸಿಯೇ ನೋಡಬೇಕು. ಹಿಂದಕ್ಕೆ ಮುಖ ಮಾಡಿದಾಗ ತಲೆಯ ಮೇಲೆ ಸೀಟಿನ ಅಂಚು ಇನ್ನೂ ಎಷ್ಟು ಉಳಿದಿರಬೇಕು ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ. ಅಮೆರಿಕದ ಸೀಟುಗಳಲ್ಲಿ ಸಾಮಾನ್ಯವಾಗಿ 2.5 ಸೆಂಟಿಮೀಟರ್.

ಹುಟ್ಟಿನಿಂದ ಬೂಸ್ಟರ್‌ವರೆಗೆ ಎಲ್ಲವನ್ನೂ ಮಾಡುವ ಸೀಟಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ನನಗೆ ಅದರ ಮೇಲೆ ಅಷ್ಟು ಒಲವಿಲ್ಲ. ಎಲ್ಲ ವಯಸ್ಸಿಗೂ ಹೊಂದಿಸಲು ಹೋಗಿ ಎಲ್ಲೋ ಒಂದು ಕಡೆ ರಾಜಿ ಆಗಿರುತ್ತದೆ. ಸಾಮಾನ್ಯವಾಗಿ ಆ ರಾಜಿ ಹಿಂದಕ್ಕೆ ಮುಖ ಮಾಡುವ ಮಿತಿಯಲ್ಲೋ, ದೊಡ್ಡ ಮಗುವಿಗೆ ಬೇಕಾದ ಬೆನ್ನಿನ ಎತ್ತರದಲ್ಲೋ ಆಗಿರುತ್ತದೆ. ಜತೆಗೆ ಹತ್ತು ವರ್ಷ ಬಿಸಿಲಲ್ಲಿ ಬೆಂದ ಸೀಟಿನ ಸ್ಥಿತಿ ಹೇಗಿರುತ್ತದೆ ಯೋಚಿಸಿ. ಆಗುವುದಾದರೆ ನಾಲ್ಕು ವರ್ಷದವರೆಗೆ ಒಂದು ಒಳ್ಳೆಯ ಹಾರ್ನೆಸ್ ಸೀಟು, ಆಮೇಲೆ ಒಂದು ಒಳ್ಳೆಯ ಬೂಸ್ಟರ್, ಹೀಗೆ ಎರಡು ಸಲ ಕೊಳ್ಳುವುದು ನನಗೆ ಸರಿ ಕಾಣುತ್ತದೆ.

ಬಟ್ಟೆಯ ಬಣ್ಣ, ಲೋಟ ಇಡುವ ಜಾಗ, ಮೆತ್ತೆಯ ದಪ್ಪ ಇವಕ್ಕೆಲ್ಲ ಸಮಯ ಕೊಡಬೇಡಿ. ಹೊದಿಕೆಯನ್ನು ಸುಲಭವಾಗಿ ಬಿಚ್ಚಿ ಒಗೆಯಬಹುದಾ ಅಂತ ಮಾತ್ರ ನೋಡಿ. ವಾಂತಿ ಮಾಡಿಕೊಳ್ಳುವ ಮಗು ಇರುವವರಿಗೆ ಇದರ ಬೆಲೆ ಗೊತ್ತು! ಪಟ್ಟಿಗಳನ್ನು ಮಾತ್ರ ನೆನೆಸಿ ತೊಳೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸೀಟಿನ ಚೀಟಿ ನೋಡುವುದನ್ನು ಕಲಿಯಿರಿ. ವಿಶ್ವಸಂಸ್ಥೆಯ ನಿಯಮದ ಪ್ರಕಾರ ಒಪ್ಪಿಗೆ ಪಡೆದ ಸೀಟಿನ ಮೇಲೆ ಒಂದು ಚೀಟಿ ಇರುತ್ತದೆ. ಅದರಲ್ಲಿ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ಆ ಅಂಕಿ ಒಪ್ಪಿಗೆ ಕೊಟ್ಟ ದೇಶವನ್ನು ಹೇಳುತ್ತದೆ. 1 ಅಂದರೆ ಜರ್ಮನಿ, 4 ಅಂದರೆ ನೆದರ್ಲೆಂಡ್ಸ್. ಅದು ದರ್ಜೆಯಲ್ಲ, 1 ಇದ್ದರೆ 4ಕ್ಕಿಂತ ಮೇಲು ಅಂತೇನೂ ಇಲ್ಲ. ಅದೇ ಚೀಟಿಯಲ್ಲಿ ಆರ್ 44 ಅಥವಾ ಆರ್ 129 ಅಂತ ಇರುತ್ತದೆ. ಆರ್ 44 ಹಳೆಯ ನಿಯಮ, ಮಕ್ಕಳನ್ನು ತೂಕದಿಂದ ವಿಂಗಡಿಸುತ್ತದೆ. ಆರ್ 129 ಜಾರಿಗೆ ಬಂದದ್ದು 2013ರಲ್ಲಿ. ಅದು ಎತ್ತರದಿಂದ ವಿಂಗಡಿಸುತ್ತದೆ, ಮತ್ತು ಪಕ್ಕದಿಂದ ಗುದ್ದುವ ಪರೀಕ್ಷೆಯನ್ನೂ ಕಡ್ಡಾಯ ಮಾಡಿದೆ. ಹೊಸದು ಕೊಳ್ಳುವುದಾದರೆ ಆರ್ 129 ಇರುವುದನ್ನೇ ಕೊಳ್ಳಿ. ಅಮೆರಿಕದಲ್ಲಿ ಈ ಇ ಗುರುತು ಇರುವುದಿಲ್ಲ, ಅಲ್ಲಿಯ ಸೀಟಿನ ಮೇಲೆ ಅಲ್ಲಿಯ ಫೆಡರಲ್ ಸುರಕ್ಷಾ ಮಾನದಂಡವನ್ನು ಪಾಲಿಸಿದೆ ಅಂತ ಬರೆದಿರುತ್ತದೆ. ಯಾವ ಗುರುತೂ ಇಲ್ಲದೆ, ಬರೀ ಬಟ್ಟೆ ಮತ್ತು ಪಟ್ಟಿಯಲ್ಲಿ ಹೊಲಿದು ಸೀಟು ಅಂತ ಮಾರುವ ಸಾಮಾನುಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ಅವುಗಳ ಹತ್ತಿರ ಹೋಗಬೇಡಿ.

ಇನ್ನು ಕಾರು. ಎಷ್ಟು ಒಳ್ಳೆಯ ಸೀಟಾದರೂ ನಿಮ್ಮ ಕಾರಿನಲ್ಲಿ ಅಲ್ಲಾಡುತ್ತಿದ್ದರೆ ಅದು ಒಳ್ಳೆಯ ಸೀಟಲ್ಲ. ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆ ನಡೆಸಿದ ಒಂದು ಅಧ್ಯಯನದಲ್ಲಿ ನೋಡಿದ ಸೀಟುಗಳ ಪೈಕಿ ಶೇಕಡಾ 46ರಷ್ಟನ್ನು ತಪ್ಪಾಗಿ ಬಳಸುತ್ತಿದ್ದರು. ಹೆಚ್ಚುಕಡಿಮೆ ಅರ್ಧ! ಹಾಗಾಗಿ ಸುಲಭವಾಗಿ, ಪ್ರತಿ ಸಲವೂ ಸರಿಯಾಗಿ ಕೂರಿಸಲು ಬರುವ ಸೀಟನ್ನು ಆರಿಸುವುದೂ ಸುರಕ್ಷತೆಯೇ.

ಸೀಟನ್ನು ಕಾರಿಗೆ ಕೂರಿಸಲು ಎರಡು ದಾರಿ ಇವೆ. ಒಂದು ಕಾರಿನ ಬೆಲ್ಟ್ ಹಾಯಿಸಿ ಬಿಗಿಯುವುದು. ಇನ್ನೊಂದು ಐಸೊಫಿಕ್ಸ್, ಅಂದರೆ ಮಗುವಿನ ಸೀಟಿನ ಕೊಂಡಿಗಳನ್ನು ಕಾರಿನಲ್ಲೇ ಇರುವ ಬಳೆಗಳಿಗೆ ಸಿಕ್ಕಿಸುವುದು. ಹಿಂದಿನ ಸೀಟಿನ ಬೆನ್ನೂ ಕೂರುವ ಜಾಗವೂ ಸೇರುವ ಸಂದಿಯಲ್ಲಿ ಕೈ ಹಾಕಿ ನೋಡಿ. 28 ಸೆಂಟಿಮೀಟರ್ ಅಂತರದಲ್ಲಿ ಎರಡು ಕಬ್ಬಿಣದ ಬಳೆ ಸಿಕ್ಕರೆ ನಿಮ್ಮ ಕಾರಿನಲ್ಲಿ ಐಸೊಫಿಕ್ಸ್ ಇದೆ ಅಂತ ಅರ್ಥ. ಐಸೊಫಿಕ್ಸ್ ಇದ್ದರೆ ಮಾತ್ರ ಭದ್ರ, ಬೆಲ್ಟ್ ಆದರೆ ಸಡಿಲ ಅಂತ ಒಂದು ನಂಬಿಕೆ ಇದೆ. ಅದು ಸರಿಯಲ್ಲ. ಬೆಲ್ಟಿನಲ್ಲಿ ಸರಿಯಾಗಿ ಬಿಗಿದ ಸೀಟೂ ಅಷ್ಟೇ ಗಟ್ಟಿ ಕೂರುತ್ತದೆ. ಐಸೊಫಿಕ್ಸ್‌ನಲ್ಲಿ ತಪ್ಪು ಮಾಡುವ ಅವಕಾಶ ಕಡಿಮೆ, ಅದೇ ಅದರ ದೊಡ್ಡ ಲಾಭ. ಎರಡನ್ನೂ ಒಟ್ಟಿಗೆ ಬಳಸಿದರೆ ಇನ್ನೂ ಒಳ್ಳೇದು ಅಂದುಕೊಳ್ಳಬೇಡಿ. ಕೈಪಿಡಿಯಲ್ಲಿ ಹೇಳಿದ್ದರೆ ಮಾತ್ರ ಹಾಗೆ ಮಾಡಿ.

ಐಸೊಫಿಕ್ಸ್‌ನ ಎರಡು ಕೊಂಡಿಗಳ ಜತೆಗೆ ಮೂರನೆಯ ಆಸರೆಯೊಂದು ಬೇಕು. ಇಲ್ಲದಿದ್ದರೆ ಗುದ್ದಿದಾಗ ಸೀಟು ಮುಂದಕ್ಕೆ ಮಗುಚುತ್ತದೆ. ಅದು ನೆಲಕ್ಕೆ ತಾಗುವ ಸಪೋರ್ಟ್ ಲೆಗ್ ಆಗಿರಬಹುದು, ಇಲ್ಲವೇ ಕಾರಿನ ಸೀಟಿನ ಹಿಂದೆ ಸಿಕ್ಕಿಸುವ ಟಾಪ್ ಟೆದರ್ ಪಟ್ಟಿ. ಈ ಟೆದರನ್ನು ಎಷ್ಟು ಜನ ಸಿಕ್ಕಿಸದೆ ಸುತ್ತಿ ಇಟ್ಟಿರುತ್ತಾರೆ ಗೊತ್ತಾ? ಮುಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ತಲೆ ಮುಂದಕ್ಕೆ ಹೋಗುವ ದೂರವನ್ನು ಕಡಿಮೆ ಮಾಡುವುದೇ ಅದು. ಸಪೋರ್ಟ್ ಲೆಗ್‌ನದು ಬೇರೆ ತಕರಾರು. ಕೆಲವು ಕಾರುಗಳಲ್ಲಿ ಕಾಲಿಡುವ ಜಾಗದ ಕೆಳಗೆ ಸಾಮಾನು ಇಡುವ ಟೊಳ್ಳು ಡಬ್ಬ ಇರುತ್ತದೆ. ಅದರ ಮುಚ್ಚಳದ ಮೇಲೆ ಲೆಗ್ ಊರಿದರೆ, ಬಲ ಬಿದ್ದಾಗ ಮುಚ್ಚಳ ಒಡೆದು ಒಳಕ್ಕೆ ಇಳಿದುಬಿಡುತ್ತದೆ. ಕಾರಿನ ಕೈಪಿಡಿಯಲ್ಲಿ ಇದನ್ನು ಬರೆದಿರುತ್ತಾರೆ. ಸೀಟಿನ ಕೈಪಿಡಿಯ ಜತೆ ಕಾರಿನ ಕೈಪಿಡಿಯನ್ನೂ ಓದಿ ಅಂತ ನಾನು ಗೋಗರೆಯುವುದು ಇಂಥ ಕಾರಣಕ್ಕೆ.

360 ಡಿಗ್ರಿ ತಿರುಗುವ ಸೀಟುಗಳು ಈಗ ಎಲ್ಲೆಡೆ ಕಾಣುತ್ತಿವೆ. ಬೆನ್ನುನೋವು ಇರುವವರಿಗೆ, ಅಜ್ಜ ಅಜ್ಜಿಗೆ ಅದು ನಿಜಕ್ಕೂ ಅನುಕೂಲ. ಮಗುವನ್ನು ಬಾಗಿಲ ಕಡೆ ತಿರುಗಿಸಿ ಕೂರಿಸಬಹುದು. ಆದರೆ ಅವು ಭಾರ. ಆರ್ 129 ನಿಯಮದಲ್ಲಿ ಐಸೊಫಿಕ್ಸ್ ಹಾರ್ನೆಸ್ ಸೀಟಿನ ತೂಕ ಮತ್ತು ಮಗುವಿನ ತೂಕ ಸೇರಿ 33 ಕಿಲೋ ಮೀರಬಾರದು. ಸೀಟೇ 15 ಕಿಲೋ ಇದ್ದರೆ ಮಗುವಿಗೆ ಉಳಿಯುವುದು 18. ಇನ್ನೊಂದು ತೊಂದರೆ ಮನುಷ್ಯಸಹಜದ್ದು. ಒಂದು ಗುಂಡಿ ಒತ್ತಿದರೆ ಮುಂದಕ್ಕೆ ತಿರುಗುತ್ತದೆ ಅಂದಾಗ, ಮಗು ಒಂದು ದಿನ ಅತ್ತರೆ ನಾವೂ ಒತ್ತಿಬಿಡುತ್ತೇವೆ, ಅಲ್ವಾ?

ಕೊಳ್ಳುವ ಮೊದಲು ನಿಮ್ಮದೇ ಕಾರಿನಲ್ಲಿ ಕೂರಿಸಿ ನೋಡಲು ಕೇಳಿ. ಒಪ್ಪದ ಅಂಗಡಿಯಾದರೆ ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿ. ಕೂರಿಸಿದ ಮೇಲೆ ಬೆಲ್ಟ್ ಅಥವಾ ಕೊಂಡಿ ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಅಲ್ಲಾಡಿಸಿ. ಎಡ ಬಲಕ್ಕಾಗಲಿ, ಹಿಂದೆ ಮುಂದಕ್ಕಾಗಲಿ 2.5 ಸೆಂಟಿಮೀಟರಿಗಿಂತ ಜಾಸ್ತಿ ಸರಿಯಬಾರದು. ತಲೆಯ ಕಡೆಯ ತುದಿ ಹಿಡಿದು ಅಲ್ಲಾಡಿಸಬೇಡಿ. ಹಿಂದಕ್ಕೆ ಮುಖ ಮಾಡಿದ ಸೀಟು ಆ ತುದಿಯಲ್ಲಿ ಸ್ವಲ್ಪ ಆಡುವುದು ಸಹಜ. ಆಮೇಲೆ ಮುಂದಿನ ಸೀಟಿನಲ್ಲಿ ನಿಮ್ಮ ಮನೆಯ ಎತ್ತರದವರು ಯಾರೋ ಅವರನ್ನೇ ಕೂರಿಸಿ. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿದ್ದರೆ ಒಂದು ತಿಂಗಳಲ್ಲಿ ಜಗಳ ಶುರುವಾಗುತ್ತದೆ, ಸೀಟು ಮುಂದಕ್ಕೆ ತಿರುಗುತ್ತದೆ.

ಸೀಟು ಬಂತು, ಕೂರಿಸಿದಿರಿ. ದಿನದ ಕೆಲಸ ಉಳಿಯಿತು. ಹಿಂದಕ್ಕೆ ಮುಖ ಮಾಡಿದಾಗ ಭುಜದ ಪಟ್ಟಿ ಭುಜದ ಮಟ್ಟದಿಂದ ಇಲ್ಲವೇ ಸ್ವಲ್ಪ ಕೆಳಗಿನಿಂದ ಬರಬೇಕು. ಮುಂದಕ್ಕೆ ಮುಖ ಮಾಡಿದಾಗ ಭುಜದ ಮಟ್ಟದಿಂದ ಇಲ್ಲವೇ ಸ್ವಲ್ಪ ಮೇಲಿನಿಂದ. ಬಿಗಿದ ಮೇಲೆ ಭುಜದ ಮೂಳೆಯ ಹತ್ತಿರ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿ ಹಿಡಿಯಲು ನೋಡಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲ ಇದೆ. ದಪ್ಪ ಜಾಕೆಟ್ ಹಾಕಿ ಬಿಗಿಯಬೇಡಿ. ಗುದ್ದಿದಾಗ ಜಾಕೆಟ್ಟಿನ ಹತ್ತಿ ಅಮುಕಿಹೋಗಿ ಪಟ್ಟಿ ಸಡಿಲಾಗುತ್ತದೆ. ಪಟ್ಟಿ ಕಟ್ಟಿದ ಮೇಲೆ ಜಾಕೆಟ್ಟನ್ನು ಮುಂದಿನಿಂದ ಹೊದಿಸಿ. ಸೀಟಿನ ಜತೆ ಬಾರದ ತಲೆದಿಂಬು, ಪಟ್ಟಿಯ ಮೆತ್ತೆ ಇವನ್ನು ಬೇರೆ ಕಡೆಯಿಂದ ತಂದು ಸೇರಿಸಬೇಡಿ. ಆ ಸೀಟನ್ನು ಅವುಗಳ ಜತೆ ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಇಷ್ಟು ಸಾಕು. ಪ್ರಶ್ನೆಗಳಿದ್ದರೆ ಕೇಳಿ.

ಹಿಂದಕ್ಕೆ ಮುಖ ಮಾಡಿದರೆ ಮಗಳ ಕಾಲು ಮಡಚಿಕೊಳ್ಳುತ್ತೆ ಮೇಡಂ. ನೋಡೋಕೇ ಸಂಕಟ ಆಗುತ್ತೆ. ಅಪಘಾತದಲ್ಲಿ ಕಾಲು ಮುರಿಯೋದಿಲ್ವಾ?

ನೋಡುವ ನಮಗೆ ಸಂಕಟ, ಕೂತ ಅವಳಿಗಲ್ಲ. ಮಕ್ಕಳು ಮನೆಯಲ್ಲಿ ಆಡುವಾಗ ಕಾಲು ಹೇಗೆ ಮಡಚಿ ಕೂರುತ್ತಾರೆ ಗಮನಿಸಿ. ಕಾಲಿನ ಗಾಯ ಮುಂದಕ್ಕೆ ಮುಖ ಮಾಡಿದ ಮಕ್ಕಳಲ್ಲೂ ಆಗುತ್ತದೆ, ಅವರ ಕಾಲು ಚಿಮ್ಮಿ ಮುಂದಿನ ಸೀಟಿನ ಬೆನ್ನಿಗೆ ಬಡಿಯುತ್ತದೆ. ಕಾಲಿನ ಮೂಳೆ ಕೂಡಿಕೊಳ್ಳುತ್ತದೆ, ಕುತ್ತಿಗೆಯೊಳಗಿನ ನರಗಳ ಮಾತು ಹಾಗಲ್ಲ. ಕಾಲು ಸೀಟಿನ ಬೆನ್ನಿಗೆ ತಾಗುತ್ತಿದೆ ಎಂಬುದು ಸೀಟು ಚಿಕ್ಕದಾಯಿತು ಎಂಬುದಕ್ಕೆ ಗುರುತಲ್ಲ. ತಲೆ ನೋಡಿ.

ಹಿಂದಿನಿಂದ ಬಂದು ಗುದ್ದಿದರೆ ಆಗ ಹಿಂದಕ್ಕೆ ಮುಖ ಮಾಡಿದ ಮಗುವಿಗೆ ಅಪಾಯ ಅಲ್ವಾ?

ಹಿಂದಿನಿಂದ ಗುದ್ದುವಾಗ ಸಾಮಾನ್ಯವಾಗಿ ಎರಡೂ ಗಾಡಿಗಳು ಒಂದೇ ದಿಕ್ಕಿಗೆ ಹೋಗುತ್ತಿರುತ್ತವೆ, ಇಲ್ಲವೇ ನಿಮ್ಮ ಕಾರು ನಿಂತಿರುತ್ತದೆ. ಹೊಡೆತದ ಜೋರು ಅಷ್ಟು ಕಡಿಮೆ. ತೀವ್ರವಾದ ಗಾಯಗಳು ಹೆಚ್ಚಾಗಿ ಆಗುವುದು ಎದುರಿನಿಂದ ಮತ್ತು ಪಕ್ಕದಿಂದ ಗುದ್ದಿದಾಗ.

ಅಕ್ಕನ ಮಗ ಬಳಸಿದ ಸೀಟು ಮನೆಯಲ್ಲಿದೆ. ಅದನ್ನೇ ಬಳಸಬಹುದಾ?

ಸ್ವಂತ ಅಕ್ಕನದಾದರೆ ಒಳ್ಳೇದು, ಕೇಳಲು ಸಂಕೋಚ ಇಲ್ಲ. ಆ ಕಾರು ಎಲ್ಲಾದರೂ ಗುದ್ದಿತ್ತಾ ಅಂತ ನೇರವಾಗಿ ಕೇಳಿ. ಸೀಟಿನ ಕೆಳಗೋ ಹಿಂದೋ ತಯಾರಾದ ದಿನಾಂಕ ಅಚ್ಚೊತ್ತಿರುತ್ತಾರೆ. ಸೀಟಿನ ಆಯಸ್ಸು ಸಾಮಾನ್ಯವಾಗಿ 6ರಿಂದ 10 ವರ್ಷ, ಕಂಪನಿಯವರು ಎಷ್ಟು ಹೇಳಿದ್ದಾರೋ ಅಷ್ಟು. ಎಲ್ಲ ಭಾಗಗಳು, ಕೈಪಿಡಿ, ಚೀಟಿ ಇರಬೇಕು. ಇಷ್ಟೂ ಸರಿಯಿದ್ದರೆ ಧಾರಾಳವಾಗಿ ಬಳಸಿ. ಗೊತ್ತಿಲ್ಲದವರಿಂದ ಹಳೆಯ ಸೀಟು ಕೊಳ್ಳುವುದು ಬೇಡ. ಗುದ್ದಿದ ಸೀಟಿನೊಳಗಿನ ಬಿರುಕು ಹೊರಗಿನಿಂದ ಕಾಣುವುದಿಲ್ಲ.

ಮುಂದೆ, ಡ್ರೈವರ್ ಪಕ್ಕ ಕೂರಿಸಿದರೆ ಅಳೋದಿಲ್ಲ. ಪರವಾಗಿಲ್ವಾ?

ಎದುರಿಗೆ ಏರ್‌ಬ್ಯಾಗ್ ಚಾಲೂ ಇರುವಾಗ ಹಿಂದಕ್ಕೆ ಮುಖ ಮಾಡಿದ ಸೀಟನ್ನು ಅಲ್ಲಿ ಯಾವತ್ತೂ ಇಡಬಾರದು. ಏರ್‌ಬ್ಯಾಗ್ ಉಬ್ಬುವ ರಭಸ ಮಗುವಿನ ತಲೆಯ ಹಿಂದೆಯೇ ಬಡಿಯುತ್ತದೆ, ಮಗು ಸಾಯಬಹುದು. ಮಕ್ಕಳಿಗೆ ಹಿಂದಿನ ಸೀಟೇ ಜಾಗ. ಅಲ್ಲೂ ನಡುವಿನದು ಒಳ್ಳೆಯದು, ಎರಡೂ ಪಕ್ಕದಿಂದ ದೂರ. ಆದರೆ ತುಂಬ ಕಾರುಗಳ ನಡುವಿನ ಸೀಟಿನಲ್ಲಿ ಐಸೊಫಿಕ್ಸ್ ಇರುವುದಿಲ್ಲ, ಜಾಗವೂ ಕಿರಿದು. ಅಲ್ಲಿ ಅಲ್ಲಾಡುವ ಸೀಟಿಗಿಂತ ಪಕ್ಕದಲ್ಲಿ ಗಟ್ಟಿ ಕೂತ ಸೀಟೇ ವಾಸಿ.

ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ನಡೆಸುವ ಪರೀಕ್ಷೆಯಲ್ಲಿ ಒಂದು ಸೀಟಿಗೆ 1.6 ಬಂದಿದೆ. ಅಷ್ಟು ಕಡಿಮೆ ಯಾಕೆ?

ಅಲ್ಲಿ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೇದು! 1.6 ಅಂದರೆ ಒಳ್ಳೆಯ ಸೀಟು. ಒಟ್ಟು ಅಂಕವನ್ನಷ್ಟೇ ನೋಡಿ ಬಿಡಬೇಡಿ, ಸುರಕ್ಷತೆಗೆ ಎಷ್ಟು, ಬಳಸುವ ಸುಲಭಕ್ಕೆ ಎಷ್ಟು ಅಂತ ಬಿಡಿಸಿ ಕೊಟ್ಟಿರುತ್ತಾರೆ.

ಸಣ್ಣದಾಗಿ ಎಲ್ಲೋ ತಾಗಿತ್ತು. ಸೀಟು ಬದಲಿಸಬೇಕಾ?

ಕೈಪಿಡಿ ಬದಲಿಸಿ ಅಂದರೆ ಬದಲಿಸಿ. ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆ ಸಣ್ಣ ಅಪಘಾತ ಅನ್ನುವುದಕ್ಕೆ ಐದು ಷರತ್ತು ಇಟ್ಟಿದೆ. ಕಾರು ಓಡಿಸಿಕೊಂಡು ಹೋಗುವಂತಿರಬೇಕು. ಸೀಟಿನ ಪಕ್ಕದ ಬಾಗಿಲಿಗೆ ಏಟಾಗಿರಬಾರದು. ಒಳಗಿದ್ದ ಯಾರಿಗೂ ಗಾಯ ಆಗಿರಬಾರದು. ಏರ್‌ಬ್ಯಾಗ್ ಬಿಚ್ಚಿರಬಾರದು. ಸೀಟಿನಲ್ಲಿ ಕಾಣುವಂಥ ಹಾನಿ ಇರಬಾರದು. ಐದರಲ್ಲಿ ಒಂದು ತಪ್ಪಿದರೂ ಬದಲಿಸಬೇಕು.

ಮಗನಿಗೆ ಮೂರೂವರೆ, 15 ಕಿಲೋ ಇದ್ದಾನೆ. ಬೂಸ್ಟರ್ ಡಬ್ಬದ ಮೇಲೆ 15 ಕಿಲೋದಿಂದ ಅಂತ ಬರೆದಿದೆ. ತಗೋಬಹುದಾ?

ಡಬ್ಬದ ಪ್ರಕಾರ ತಗೋಬಹುದು. ನಾನಾದರೆ ತಗೊಳ್ಳುವುದಿಲ್ಲ. ಆರ್ 129ರಲ್ಲಿ ಬೂಸ್ಟರ್ ಶುರುವಾಗುವುದೇ 100 ಸೆಂಟಿಮೀಟರ್‌ನಿಂದ, ಮೊದಲು ಅದನ್ನು ಅಳೆಯಿರಿ. ಆಮೇಲೆ ಮಗನ ಸ್ವಭಾವ ನೋಡಿ. ಬೂಸ್ಟರಿನಲ್ಲಿ ಕಾರಿನ ಬೆಲ್ಟ್ ಭುಜದ ನಡುವೆ ಹಾದು, ಹೊಟ್ಟೆಯ ಮೇಲೆ ಬಾರದೆ ಸೊಂಟದ ಮೂಳೆಯ ಮೇಲೆ ಕೂತಿರಬೇಕು, ಪ್ರಯಾಣ ಮುಗಿಯುವವರೆಗೂ ಹಾಗೇ ಇರಬೇಕು. ಮೂರೂವರೆ ವರ್ಷದ ಮಗು ಬಗ್ಗಿ ಆಟಿಕೆ ಎತ್ತಿಕೊಳ್ಳುತ್ತದೆ, ಬೆಲ್ಟನ್ನು ಕಂಕುಳ ಕೆಳಗೆ ಸರಿಸುತ್ತದೆ, ನಿದ್ದೆ ಬಂದರೆ ಪಕ್ಕಕ್ಕೆ ವಾಲಿಬಿಡುತ್ತದೆ. ಈಗಿನ ಹಾರ್ನೆಸ್ ಸೀಟಿನ ಮಿತಿ 18 ಕಿಲೋ ಇದ್ದರೆ ಇನ್ನೊಂದು ವರ್ಷ ಅದರಲ್ಲೇ ಕೂರಲಿ. ಬೂಸ್ಟರ್ ಕೊಳ್ಳುವ ದಿನ ಬಂದಾಗ ಬೆನ್ನೂ ತಲೆಯ ಪಕ್ಕದ ಆಸರೆಯೂ ಇರುವಂಥದ್ದನ್ನೇ ನೋಡಿ.